ಸೀಗಡಿಗಳು ತಿಂದ ಮೇಲೆ ನಾವು

ಮುಳಬಾಗಿಲಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಒಂದು ಭಾನುವಾರ ಬೆಳಿಗ್ಗೆ ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತರು.

"ಮೇಡಮ್, ತಪ್ಪು ತಿಳ್ಕೋಬೇಡಿ. ನೀವು ಕವರಲ್ಲಿ ಸೀಗಡಿ ತಗೊಂಡು ಮೆಟ್ಟಿಲು ಹತ್ತಿದ್ದನ್ನ ಯಾರೋ ನೋಡಿದ್ರಂತೆ. ಮನೆ ಕೊಡೋವಾಗ್ಲೇ ಹೇಳಿದ್ವಲ್ಲ, ಬರೀ ಸಸ್ಯಾಹಾರಿಗಳಿಗೆ ಅಂತ."

"ತಂದಿದ್ದು ನಿಜ ಸರ್. ಆದ್ರೆ ತಿನ್ನೋಕಲ್ಲ, ಸಾಕೋಕೆ."

ಅವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಒಳಗೆ ಕರೆದು ಹಾಲಿನ ಮೂಲೆಯಲ್ಲಿದ್ದ ಎರಡೂವರೆ ಅಡಿಯ ಗಾಜಿನ ತೊಟ್ಟಿಯನ್ನು ತೋರಿಸಿದೆ. ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ತುಂಬ ಹೊತ್ತು ನೋಡಿದರು.

"ಸಾಕೋದೇನೋ ಸರಿ. ದೊಡ್ಡವಾದ ಮೇಲೆ?"

"ಇವು ಇಷ್ಟೇ ಸರ್ ದೊಡ್ಡವಾಗೋದು."

ಹೂಂ ಎಂದು ಹೊರಟುಹೋದರು. ಆದರೆ ಮುಂದೆ ಎಷ್ಟೋ ದಿನ, ನಮ್ಮ ಅಡುಗೆಮನೆಯಿಂದ ಒಗ್ಗರಣೆಯ ಘಾಟು ಎದ್ದಾಗಲೆಲ್ಲ ಅವರು ಕೆಳಗಿನ ವರಾಂಡಕ್ಕೆ ಬಂದು ತಲೆಯೆತ್ತಿ ನಿಲ್ಲುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ.

ನಾನು ಆಗ ಅಲ್ಲಿನ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನನ್ನ ಯಜಮಾನರಿಗೆ ಮಾಲೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಲಕ್ಕೂರಿನಲ್ಲಿ ಒಂದು ರೂಮು ಮಾಡಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದಂತೆ ಮನೆಯಲ್ಲಿ ನಾನು, ನನ್ನ ಅತ್ತೆ ಇಬ್ಬರೇ. ಅತ್ತೆ ಎಪ್ಪತ್ತು ದಾಟಿದ ಮಡಿ ಹೆಂಗಸು. ತಮ್ಮ ಅಡುಗೆ ತಾವೇ ಬೇರೆ ಒಲೆಯಲ್ಲಿ ಮಾಡಿಕೊಳ್ಳುತ್ತಿದ್ದರು.

ಮೊದಲು ತಂದದ್ದು ನಂಗಲಿ ಕಡೆಯ ಒಂದು ಕೆರೆಯ ಸೀಗಡಿಗಳನ್ನು. ಬಲೆ ಎಳೆಯುವವರು ಮೀನು ಆರಿಸಿಕೊಂಡ ಮೇಲೆ ದಡದಲ್ಲಿ ಬಿಸಾಕಿದ ಪಾಚಿಯಲ್ಲಿ ಅವು ಪುಟಿಯುತ್ತಿದ್ದವು. ಎರಡು ಜಾತಿ ಇದ್ದವು. ಒಂದು, ಬೆರಳಿನ ಉಗುರಿನಷ್ಟುದ್ದದ್ದು, ಗಾಜಿನ ಹಾಗೆ ಪಾರದರ್ಶಕ. ತಿಂದದ್ದು ಹೊಟ್ಟೆಯಲ್ಲಿ ಹಸಿರು ಗೆರೆಯಾಗಿ ಕಾಣುತ್ತಿತ್ತು. ಇನ್ನೊಂದು ಅದಕ್ಕಿಂತ ದೊಡ್ಡದು, ಮುಂದೆ ಎರಡು ಉದ್ದನೆಯ ತೋಳು, ತೋಳಿನ ತುದಿಯಲ್ಲಿ ಇಕ್ಕಳ. ಆ ಜಾತಿಯಲ್ಲಿ ಒಂದೇ ಒಂದು ಬದುಕಿ ಉಳಿಯಿತು.

ಅತ್ತೆ ತೊಟ್ಟಿಯಿಂದ ಮಾರು ದೂರ ನಿಂತು ನೋಡಿದರು.

"ಅಯ್ಯೋ ರಾಮಾ, ರೊಯ್ಯಲು! ಮೀನಾದ್ರೂ ಮತ್ಸ್ಯಾವತಾರ ಅಂತ ಸಮಾಧಾನ ಮಾಡ್ಕೋಬಹುದು. ಇದು ಯಾವ ಅವತಾರನೇ?"

ತೆಲುಗಿನ ಆ ಹೆಸರನ್ನು ಅವರು ಬಾಯಲ್ಲಿ ಆಡಬಾರದ ಮಾತಿನಂತೆ ಆಡಿದರು. ಅಂದಿನಿಂದ ಹಾಲಿನ ಆ ಮೂಲೆಯನ್ನು ಬಳಸಿಕೊಂಡು ಓಡಾಡತೊಡಗಿದರು.

ಕೆಂಪು ಸೀಗಡಿ ಬಂದದ್ದು ನನ್ನ ಗೆಳತಿಯಿಂದ. ಅವಳು ನಮ್ಮ ಕಾಲೇಜಿನಲ್ಲೇ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಯಲ್ದೂರಿನ ದೊಡ್ಡ ರೈತ ಮನೆಯ ಸೊಸೆ. ಮಾವಿನ ತೋಪು, ಬಾವಿಯ ಕೆಳಗೆ ತರಕಾರಿ. ಬೆಳಿಗ್ಗೆ ಎದ್ದು ಶ್ರೀನಿವಾಸಪುರಕ್ಕೆ ಒಂದು ಬಸ್ಸು, ಅಲ್ಲಿಂದ ಮುಳಬಾಗಿಲಿಗೆ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದಳು. ನನ್ನ ಹುಚ್ಚು ಅವಳಿಗೂ ಹತ್ತಿತ್ತು. ಒಮ್ಮೆ ಬೆಂಗಳೂರಿಗೆ ಹೋದಾಗ ಬಣ್ಣದ ಮೀನಿನ ಅಂಗಡಿಯಿಂದ ಹತ್ತು ಕೆಂಪು ಸೀಗಡಿ ತಂದು, ಐದು ತಾನಿಟ್ಟುಕೊಂಡು ಐದು ನನಗೆ ಕೊಟ್ಟಳು.

ಆ ಐದು ಮೂರು ತಿಂಗಳಲ್ಲಿ ನಲವತ್ತಾದವು. ಹೆಣ್ಣಿನ ಕತ್ತಿನ ಹಿಂದೆ ಮೊದಲು ಒಂದು ಹಳದಿ ಮಚ್ಚೆ ಕಾಣುತ್ತದೆ. ಅದು ಒಳಗಿರುವ ಮೊಟ್ಟೆ. ಆಮೇಲೊಂದು ದಿನ ಅದು ಪೊರೆ ಕಳಚುತ್ತದೆ, ತೊಟ್ಟಿಯ ಗಂಡುಗಳೆಲ್ಲ ಹುಚ್ಚು ಹಿಡಿದಂತೆ ಗಾಜಿನುದ್ದಕ್ಕೂ ಈಜಾಡುತ್ತವೆ, ಮಾರನೆಯ ದಿನ ನೋಡಿದರೆ ಮೊಟ್ಟೆಗಳು ಹೊಟ್ಟೆಯಡಿಗೆ ಇಳಿದಿರುತ್ತವೆ. ತಾಯಿ ಅವುಗಳಿಗೆ ಸದಾ ಕಾಲಾಡಿಸುತ್ತ ಗಾಳಿ ಬೀಸುತ್ತಿರುತ್ತದೆ. ಮೂರು ನಾಲ್ಕು ವಾರಕ್ಕೆ ಅಕ್ಕಿನುಚ್ಚಿನಷ್ಟು ಮರಿಗಳು, ತಾಯಿಯ ಅಚ್ಚೇ ಪುಟ್ಟದಾಗಿ. ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ನಾನು ಲೋಟದಲ್ಲಿ ನೀರೆತ್ತಿ ಎತ್ತಿ ಸುರಿಯುತ್ತಿದ್ದೆ. ಕೊಳವೆಬಾವಿಯ ನೀರು ಗಾಜಿಗೆ ಬಿಳಿ ಪದರ ಕಟ್ಟುತ್ತಿದ್ದುದರಿಂದ ಮಳೆ ನೀರು ಹಿಡಿದಿಟ್ಟು ಬೆರೆಸುತ್ತಿದ್ದೆ.

ಅವುಗಳ ಮುಖ್ಯ ಊಟ ಬೇಯಿಸಿದ ಪಾಲಕ್ ಎಲೆ. ಸೊಪ್ಪು ಗೆಳತಿಯ ಹೊಲದ್ದೇ. ವಾರಕ್ಕೆರಡು ಸಲ ಅವಳು ನನಗಾಗಿ ಒಂದು ಚೀಲ ತುಂಬ ಸೊಪ್ಪು ತರುತ್ತಿದ್ದಳು: ಪಾಲಕ್, ದಂಟು, ಕೊತ್ತಂಬರಿ. ಹುಳು ಕೊರೆದ ಒಂದು ತೂತೂ ಇಲ್ಲದ, ಕಡುಹಸಿರಿನ ಸೊಪ್ಪು. ನಾನು ಅದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿ ಹೆಮ್ಮೆಪಡುತ್ತಿದ್ದೆ. ಅತ್ತೆ ಮಾತ್ರ ಅದನ್ನು ತಿನ್ನುತ್ತಿರಲಿಲ್ಲ. ನಮ್ಮ ಪಾಲಿನದನ್ನು ಉಪ್ಪುನೀರಿನಲ್ಲಿ ಮೂರು ಸಲ ತೊಳೆದು ಕೊಡುವರು. ತಮ್ಮ ಅಡುಗೆಗೆ ತಾರಸಿಯಲ್ಲಿ ತಾವೇ ಕುಂಡದಲ್ಲಿ ಬೆಳೆದ ನಾಲ್ಕು ಎಲೆ. ಬೇರೆ ಜಾತಿಯವರ ಮನೆಯಿಂದ ಬಂದದ್ದು ಎಂದು ಹೀಗೆ ಮಾಡುತ್ತಾರೆ ಎಂದುಕೊಂಡು ನಾನು ಒಳಗೊಳಗೇ ಕುದಿಯುತ್ತಿದ್ದೆ. ಗೆಳತಿಗೆ ಗೊತ್ತಾಗದಿರಲಿ ಎಂದು ಎಚ್ಚರ ವಹಿಸುತ್ತಿದ್ದೆ.

ಮಾವಿನ ಹೂವು ಉದುರಿ ಕಾಯಿ ಕಚ್ಚುವ ಹೊತ್ತಿಗೆ ಸಾವು ಶುರುವಾಯಿತು.

ಮೊದಲ ದಿನ ಎರಡು. ಪೊರೆಯಿರಬೇಕು ಎಂದುಕೊಂಡೆ. ಸೀಗಡಿ ಕಳಚಿಟ್ಟ ಪೊರೆಗೂ ಸತ್ತ ಸೀಗಡಿಗೂ ವ್ಯತ್ಯಾಸ ಹೊಸಬರಿಗೆ ಗೊತ್ತಾಗುವುದಿಲ್ಲ. ಆದರೆ ಪೊರೆ ಟೊಳ್ಳು, ಆಚೆಯದು ಕಾಣುತ್ತದೆ. ಇವು ಬೇಯಿಸಿದಂತೆ ಬೆಳ್ಳಗಾಗಿದ್ದವು. ನಾಲ್ಕು ದಿನ ಬಿಟ್ಟು ಏಳು. ಆಮೇಲೆ ಮೊಟ್ಟೆ ಹೊತ್ತ ಎರಡು ಹೆಣ್ಣುಗಳು, ಬೆನ್ನ ಮೇಲೆ ಬಿದ್ದು ಕಾಲು ನಡುಗಿಸುತ್ತ ನಾನು ನೋಡುತ್ತಿದ್ದಂತೆಯೇ ಹೋದವು.

ನನ್ನ ಮೊದಲ ಅನುಮಾನ ಉದ್ದ ತೋಳಿನವನ ಮೇಲೆ. ಅವನು ಕಲ್ಲಿನ ಸಂದಿಯಿಂದ ತೋಳು ಚಾಚಿ ಕುಳಿತಿರುವ ರೀತಿಯೇ ನನಗೆ ಸರಿಬರುತ್ತಿರಲಿಲ್ಲ. ಒಂದು ಹೆಣವನ್ನು ಇಕ್ಕಳದಲ್ಲಿ ಹಿಡಿದು ಎಳೆದುಕೊಂಡು ಹೋಗುವುದನ್ನೂ ಕಂಡೆ. ಇನ್ನೇನು ಸಾಕ್ಷಿ ಬೇಕು? ಅವನನ್ನು ಜಾಲರಿಯಲ್ಲಿ ಹಿಡಿದು ಬಚ್ಚಲ ಪಕ್ಕದ ಬಕೆಟ್ಟಿಗೆ ಹಾಕಿದೆ. ಸಿಟ್ಟಿನಲ್ಲಿ ಅವನಿಗೆ ಸೊಪ್ಪೂ ಹಾಕಲಿಲ್ಲ. ರಾಗಿಮುದ್ದೆಯ ಚೂರು ಎಸೆದು ಬರುತ್ತಿದ್ದೆ.

ಅವನು ಬಕೆಟ್ಟಿನಲ್ಲಿದ್ದ ವಾರವೇ ತೊಟ್ಟಿಯಲ್ಲಿ ಒಂಬತ್ತು ಸತ್ತವು.

ಹಾಗಾದರೆ ಯಾರು? ಮನೆಯಲ್ಲಿದ್ದದ್ದು ನಾವಿಬ್ಬರೇ. ಸ್ಟಾಫ್ ರೂಮಿನಲ್ಲಿ ಗೆಳತಿಯ ಮುಂದೆ ಕೂತು ನಾನು ಕಣ್ಣೊರೆಸಿಕೊಂಡಾಗ ಅವಳೇ ಮೆಲ್ಲಗೆ ಹೇಳಿದಳು.

"ಲೇ, ಹೇಳ್ಬಾರದು, ಆದ್ರೂ ಹೇಳ್ತೀನಿ. ನಿಮ್ಮತ್ತೆಗೆ ಅವು ಕಂಡ್ರೆ ಆಗಲ್ಲ ತಾನೇ? ನೀನಿಲ್ದಾಗ ಏನಾದ್ರೂ ಸುರೀತಾರಾ ನೋಡು."

"ಛೆ, ಅವರು ಅಂಥೋರಲ್ಲ ಕಣೇ."

"ನಮ್ಮನೇಲಿ ಒಂದೂ ಸತ್ತಿಲ್ಲ. ಅದೇ ಸೀಗಡಿ, ಅದೇ ಸೊಪ್ಪು. ನೂರರ ಮೇಲಾಗಿವೆ. ನೀನೇ ಯೋಚ್ನೆ ಮಾಡು."

ಯೋಚನೆ ಮಾಡಿದೆ. ಮಾರನೆಯ ದಿನ ಎರಡನೇ ತರಗತಿ ಮುಗಿಸಿ, ತಲೆನೋವೆಂದು ಹೇಳಿ ಮನೆಗೆ ಹೊರಟೆ. ಮೆಟ್ಟಿಲನ್ನು ಸದ್ದಾಗದಂತೆ ಹತ್ತಿ, ಅರ್ಧ ತೆರೆದಿದ್ದ ಕಿಟಕಿಯಿಂದ ಒಳಗೆ ನೋಡಿದೆ. ಅತ್ತೆ ತೊಟ್ಟಿಯ ಮುಂದೆ ನಿಂತಿದ್ದರು. ಕೈಯಲ್ಲಿ ತಾಮ್ರದ ಪಂಚಪಾತ್ರೆ. ಉದ್ಧರಣೆಯಲ್ಲಿ ಒಂದು, ಎರಡು, ಮೂರು ಎಂದು ಏನನ್ನೋ ನೀರಿಗೆ ಹಾಕಿದರು. ಬಾಯಲ್ಲಿ ಏನೋ ಮಣಮಣ.

ನನಗೆ ಮೈಯೆಲ್ಲ ಉರಿದುಹೋಯಿತು. ತಾಮ್ರ ಸೀಗಡಿಗಳಿಗೆ ವಿಷವೆಂದು ಓದಿದ್ದೆ.

"ಏನ್ ಹಾಕ್ತಿದ್ದೀರ ಅತ್ತೆ?"

ಅವರು ಬೆಚ್ಚಿಬಿದ್ದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಪಂಚಪಾತ್ರೆಯನ್ನು ಸೆರಗಿನ ಮರೆಗೆ ತಂದರು.

"ತೀರ್ಥ."

"ಎಷ್ಟು ದಿನದಿಂದ?"

"ಸಾಯೋಕೆ ಶುರುವಾದಾಗಿಂದ. ನೀನು ಊಟ ಬಿಟ್ಟು ಕೂತಿರ್ತೀಯಲ್ಲ, ನೋಡಕ್ಕಾಗ್ಲಿಲ್ಲ. ಅವಕ್ಕೂ ಒಂದು ಪ್ರಾಣ ಅನ್ನೋದು ಇದೆಯಲ್ಲ."

ಸಾಯಲು ಶುರುವಾದ ಮೇಲೆ ಹಾಕಿದ್ದೋ, ಹಾಕಿದ್ದರಿಂದ ಸಾಯಲು ಶುರುವಾಯಿತೋ? ನಾನು ಅವರ ಮುಖವನ್ನೇ ನೋಡುತ್ತ ಅದನ್ನೇ ಲೆಕ್ಕ ಹಾಕುತ್ತಿದ್ದೆ. ಅದು ಅವರಿಗೆ ಗೊತ್ತಾಯಿತು.

"ನನ್ನ ಮೇಲೆ ಅನುಮಾನ ತಾನೇ?" ಎಂದರು. ಧ್ವನಿ ಏರಲಿಲ್ಲ. "ನನ್ನ ಕೇಳಿದ್ರೆ ಆ ಚೀಲದ ಮೇಲೆ ಅನುಮಾನ ಪಡು ಅಂತೀನಿ. ಆ ಸೊಪ್ಪು ತೊಳೆದ ನೀರಿನ ವಾಸನೆ ಒಂದಿನಾನಾದ್ರೂ ನೋಡಿದ್ದೀಯ? ಹುಳುವೂ ಮುಟ್ಟದ ಸೊಪ್ಪನ್ನ ನಾನ್ಯಾಕೆ ತಿನ್ಲಿ?"

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಗೆಳತಿ ಮೇಲೆ ಚಾಡಿ ಅಂತಿದ್ದೆ. ಜಾತಿ ಮಾಡ್ತಾರೆ ಮುದುಕಿ ಅಂತಿದ್ದೆ. ಅನ್ನಲ್ವಾ?"

ಮಕ್ಕಳಿಗೆ ಪ್ರಯೋಗ ಹೇಳಿಕೊಡುವವಳು ನಾನು. ಇಷ್ಟು ದಿನ ಬರೀ ಮುಖಗಳನ್ನು ನೋಡಿಕೊಂಡು ತೀರ್ಮಾನ ಮಾಡುತ್ತಿದ್ದೆನಲ್ಲ ಎನ್ನಿಸಿತು.

ಆ ಶನಿವಾರ ನಂಗಲಿ ಕಡೆ ಹೋಗಿ ಕೆರೆಯ ಗಾಜು ಸೀಗಡಿಗಳನ್ನು ಮತ್ತೆ ತಂದೆ. ಉಪ್ಪಿನಕಾಯಿ ಹಾಕುವ ಮೂರು ಗಾಜಿನ ಜಾಡಿ ತೊಳೆದು, ಒಂದೇ ನೀರು ತುಂಬಿ, ಕೆರೆಯ ಒಂದಿಷ್ಟು ಪಾಚಿ ಹಾಕಿ, ಒಂದೊಂದರಲ್ಲಿ ಐದೈದು ಬಿಟ್ಟೆ. ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ಅತ್ತೆಯ ತೀರ್ಥ ಮೂರು ಉದ್ಧರಣೆ. ಸೋಮವಾರ ಗೆಳತಿಯ ಚೀಲ ಬಂತು. ಸಂಜೆ ಅದರ ಪಾಲಕ್ ಎಲೆ ಬೇಯಿಸಿ ಮೂರನೆಯದಕ್ಕೆ ಹಾಕಿದೆ. ಅತ್ತೆ ಒಂದು ಮಣೆ ಎಳೆದುಕೊಂಡು ಜಾಡಿಗಳ ಮುಂದೆ ಕೂತರು. ತಮ್ಮ ಮೇಲಿನ ದೂರಿನ ವಿಚಾರಣೆಗೆ ತಾವೇ ಹಾಜರಾದವರಂತೆ ಕೂತಿದ್ದರು.

ಮೊದಲು ಐದೂ ಎಲೆಯ ಮೇಲೆ ಕೂತು ತಿಂದವು. ಮುಕ್ಕಾಲು ಗಂಟೆಯಲ್ಲಿ ಒಂದು ಸಟ್ಟನೆ ನೆಗೆದು ಜಾಡಿಯ ಗೋಡೆಗೆ ಬಡಿಯಿತು. ಇನ್ನೊಂದು ಗಿರಗಿರ ಸುತ್ತತೊಡಗಿತು. ದೀಪ ಹಚ್ಚುವ ಹೊತ್ತಿಗೆ ಐದೂ ಬೆಳ್ಳಗಾಗಿದ್ದವು. ತೀರ್ಥದ ಜಾಡಿಯಲ್ಲಿ ಐದೂ, ಏನೂ ಹಾಕದ ಜಾಡಿಯಲ್ಲಿ ಐದೂ ಪಾಚಿ ಮೇಯುತ್ತಿದ್ದವು. ಗೊತ್ತಿದ್ದೂ ಗೊತ್ತಿದ್ದೂ ಐದು ಪ್ರಾಣ ತೆಗೆದೆನಲ್ಲ ಎಂದುಕೊಳ್ಳುತ್ತ ಸತ್ತವನ್ನು ಚಮಚದಲ್ಲಿ ಒಂದೊಂದಾಗಿ ಎತ್ತಿದೆ. ಅತ್ತೆ ಗೆದ್ದೆ ಎನ್ನಲಿಲ್ಲ. "ನಾಳೆಯಿಂದ ನೀವೂ ತಿನ್ಬೇಡಿ" ಎಂದಷ್ಟೇ ಹೇಳಿ ಎದ್ದುಹೋದರು.

ಬಕೆಟ್ಟಿನ ಉದ್ದ ತೋಳಿನವನನ್ನು ಹೋಗಿ ನೋಡಿದೆ. ಮುದ್ದೆ ತಿಂದು ದಪ್ಪಗಾಗಿದ್ದ.

ಒಂದು ಮಾತು ಮಾತ್ರ ಕೊರೆಯುತ್ತಿತ್ತು. ಅದೇ ಸೊಪ್ಪು ತಿಂದು ಗೆಳತಿಯ ಮನೆಯ ಸೀಗಡಿಗಳು ನೂರಾದದ್ದು ಹೇಗೆ? ಅವಳು ಎಷ್ಟೋ ಸಲ ಕರೆದಿದ್ದಳು. ಮುಂದಿನ ಭಾನುವಾರ ಹೇಳದೆ ಕೇಳದೆ ಯಲ್ದೂರಿಗೆ ಹೋದೆ.

ಅವಳು ಮನೆಯಲ್ಲಿರಲಿಲ್ಲ, ಶ್ರೀನಿವಾಸಪುರಕ್ಕೆ ಹೋಗಿದ್ದಳು. ಅವಳ ಅತ್ತೆ ಮಜ್ಜಿಗೆ ಕೊಟ್ಟು, ನಾನು ಹೊಲ ನೋಡಬೇಕೆಂದಾಗ ಸಂತೋಷದಿಂದ ಕರೆದುಕೊಂಡು ಹೋದರು. ತೋಪಿನಾಚೆ ಅರ್ಧ ಎಕರೆ ಪಾಲಕ್ಕು, ದಂಟು. ಒಬ್ಬ ಆಳು ಬೆನ್ನಿಗೆ ಪಂಪು ಕಟ್ಟಿಕೊಂಡು, ಬಾಯಿಗೆ ಟವಲು ಸುತ್ತಿಕೊಂಡು ಸಾಲುಸಾಲಾಗಿ ಔಷಧಿ ಹೊಡೆಯುತ್ತಿದ್ದ. ಅಷ್ಟು ದೂರಕ್ಕೂ ವಾಸನೆ ಮೂಗಿಗೆ ಅಡರಿತು. ಚಳಿಗಾಲದಲ್ಲಿ ಇಷ್ಟು ಬೇಕಿರಲಿಲ್ಲ, ಬಿಸಿಲು ಏರಿದ ಮೇಲೆ ಹುಳು ಹೆಚ್ಚಾಗಿ ವಾರ ವಾರ ಹೊಡೆಯಬೇಕಾಗಿದೆ ಎಂದರು. ವಾಪಸು ಬರುವಾಗ ಮನೆಯ ಹಿಂದೆ, ಬಚ್ಚಲ ನೀರು ಹರಿಯುವ ಕಡೆ, ಮಂಚದಗಲದ ಇನ್ನೊಂದು ಮಡಿ ಕಂಡಿತು. ಅಲ್ಲೂ ಪಾಲಕ್ಕೇ. ಎಲೆಯ ತುಂಬ ತೂತು.

"ಇದೇನಮ್ಮ, ಇಲ್ಲೂ ಬೆಳ್ದಿದ್ದೀರಾ?"

"ಇದಿ ಇಂಟಿಕಮ್ಮಾ. ಅದಿ ಮಂಡೀಕಿ," ಎಂದರು. ಇದು ಮನೆಗೆ, ಅದು ಮಂಡಿಗೆ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳುವಂತೆ ಹೇಳಿದರು. ಆಮೇಲೆ ನಗುತ್ತ ಸೇರಿಸಿದರು: "ನಮ್ ಹುಡ್ಗಿ ಸೀಗಡೀಗೂ ಇದೇ ಬೇಕಂತೆ. ದಿನಾ ಬಂದು ತಾನೇ ಕಿತ್ಕೊಂಡೋಗ್ತಾಳೆ."

ಬಗ್ಗಿ ತೂತು ಬಿದ್ದ ಒಂದು ಎಲೆ ಕಿತ್ತು ನೋಡಿದೆ. ಒಂದು ವರ್ಷದಿಂದ ನಾನು, ನನ್ನ ಗಂಡ ತಿಂದ ಸೊಪ್ಪು ಕಣ್ಣ ಮುಂದೆ ಬಂತು. ಸೀಗಡಿಗೆ ಕೊಡಬಾರದೆಂದು ಗೊತ್ತಿದ್ದದ್ದು ನಮಗೆ ಕೊಡುವಾಗ ಗೊತ್ತಿರಲಿಲ್ಲವೇ?

ಸೋಮವಾರ ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದಾಗ ಕೇಳಿಯೇಬಿಟ್ಟೆ. "ನಂಗೆ ತರೋ ಸೊಪ್ಪು ಯಾವ ಮಡೀದು?"

ಅವಳ ಮುಖ ಕೆಂಪಾಯಿತು. "ಚೀಲ ತುಂಬೋದು ನಮ್ಮತ್ತೆ ಕಣೇ. ನಾನು ಬಸ್ಸಿಗೆ ಓಡ್ತಿರ್ತೀನಿ. ಎಲ್ಲಿಂದ ಕೀಳ್ತಾರೆ ಅಂತ ನೋಡಕ್ಕಾಗತ್ತಾ?"

"ಸೀಗಡಿಗೆ ಕೀಳೋವಾಗ ನೋಡ್ತೀಯ."

"ಏನ್ ಮಾತಾಡ್ತಿದ್ದೀಯ ನೀನು? ನಿಂಗೆ ವಿಷ ಕೊಟ್ಟೆ ಅಂತಾನಾ? ನನ್ನ ಕೈಲಿ ಬಿಟ್ಟಿ ಸೊಪ್ಪು ತಿಂದು, ನಮ್ಮನೆಗೆ ಬಂದು ಪತ್ತೇದಾರಿ ಮಾಡಿದ್ಯಾ?"

ಅಲ್ಲಿಗೆ ಮಾತು ನಿಂತಿತು. ಸೊಪ್ಪಿನ ಚೀಲವೂ ನಿಂತಿತು. ಪ್ರಯೋಗಾಲಯದ ಬೀಗದ ಕೈ ಕೇಳುವುದು, ಕೊಡುವುದು, ಅಷ್ಟೇ ಉಳಿದದ್ದು.

ಮನೆಯಲ್ಲಿ ಮಾತ್ರ ಹೊಸದೊಂದು ಪದ್ಧತಿ ಶುರುವಾಯಿತು. ಶುರು ಮಾಡಿದವರು ಅತ್ತೆ. ಸಂತೆಯಿಂದ ಏನೇ ಬರಲಿ, ಹುರುಳಿಕಾಯಿ, ಕೋಸು, ಟೊಮೇಟೊ, ಅದರದ್ದೊಂದು ಚೂರನ್ನು ಬೇಯಿಸಿ ಒಂದು ಜಾಡಿಗೆ ಹಾಕುವುದು. ಜಾಡಿಯಲ್ಲಿ ಕೆರೆಯ ಎರಡು ಸೀಗಡಿ. ಎರಡು ಗಂಟೆ ಕಾಯುವುದು. ಬದುಕಿದ್ದರೆ ಅಡುಗೆ. ಪ್ರಾಣವಿದೆಯೆಂದು ತೀರ್ಥ ಹಾಕಿದವರೇ ಹೀಗೆ ಮಾಡಬಹುದೇ ಎಂದು ಕೇಳಿದರೆ, "ಮಾಡೋದು ಪಾಪಾನೇ. ನನ್ನ ಮಗ ತಿನ್ನೋ ಅನ್ನ ಅದು, ಪಾಪ ನನಗಿರ್ಲಿ" ಎಂದರು. ಯಜಮಾನರು ವಾರದ ಕೊನೆಗೆ ಬಂದು ಬಟ್ಟೆ ಬದಲಿಸುವ ಮೊದಲೇ ಕೇಳುತ್ತಿದ್ದರು, "ಏನಮ್ಮ, ನಿನ್ನ ಸೀಗಡಿ ಇವತ್ತು ಊಟಕ್ಕೆ ಒಪ್ಪಿಗೆ ಕೊಟ್ವಾ?" ಎಷ್ಟೋ ದಿನ ಕೊಡುತ್ತಿರಲಿಲ್ಲ. ಆ ದಿನ ಬರೀ ತೊವ್ವೆ, ಹಪ್ಪಳ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಗೆಳತಿ ಬಂದಳು. ಕೈಯಲ್ಲಿ ಚೀಲ. ಬೇರಿಗೆ ಹಸಿಮಣ್ಣು ಮೆತ್ತಿದ, ತೂತು ಬಿದ್ದ ಎಲೆಗಳು.

"ಹಿತ್ತಲ ಮಡೀದು. ನಾನೇ ಕಿತ್ತಿದ್ದು," ಎಂದಳು.

ನಾನು ಏನಾದರೂ ಹೇಳುವ ಮೊದಲೇ ಅತ್ತೆ ಚೀಲದಿಂದ ಒಂದು ಎಲೆ ತೆಗೆದು, ಒಲೆಯ ಮೇಲಿಟ್ಟು ಬಾಡಿಸಿ, ಅವಳ ಕಣ್ಣೆದುರಿಗೇ ಜಾಡಿಗೆ ಹಾಕಿದರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಗೆಳತಿ ಜಾಡಿಯನ್ನು ನೋಡಿದಳು, ಪಕ್ಕದಲ್ಲಿ ಸಾಲಾಗಿಟ್ಟಿದ್ದ ಹುರುಳಿಕಾಯಿ, ಕೋಸಿನ ತಟ್ಟೆಗಳನ್ನೂ ನೋಡಿದಳು. ಎಲ್ಲ ಅರ್ಥವಾಯಿತು.

"ಎಷ್ಟೊತ್ತು ಕಾಯ್ಬೇಕಮ್ಮ?"

"ಎರಡು ಗಂಟೆ."

"ಕಾಯ್ತೀನಿ," ಎಂದು ನೆಲದ ಮೇಲೆ ಕೂತುಬಿಟ್ಟಳು.

ಮೂವರೂ ಕೂತೆವು. ಸೀಗಡಿಗಳೆರಡೂ ಎಲೆಯ ಮೇಲೆ ಬಂದು ಚಿಕ್ಕ ಕೈಗಳಿಂದ ಕಿತ್ತು ಕಿತ್ತು ಬಾಯಿಗಿಟ್ಟುಕೊಳ್ಳುತ್ತಿದ್ದವು. ಅರ್ಧ ಗಂಟೆ ಕಳೆದಿರಬಹುದು. ಅವಳು ಜಾಡಿಯಿಂದ ಕಣ್ಣು ತೆಗೆಯದೆ ಹೇಳಿದಳು.

"ಗೊತ್ತಿತ್ತು ಕಣೇ. ಚೀಲ ತುಂಬೋದು ನಮ್ಮತ್ತೇನೇ, ಅದು ಸುಳ್ಳಲ್ಲ. ಆದ್ರೆ ಯಾವ ಕಡೆಯಿಂದ ಬರ್ತಾರೆ ಅಂತ ಗೊತ್ತಾಗ್ತಿತ್ತು. ಊರೆಲ್ಲ ಅದನ್ನೇ ತಿನ್ನತ್ತಲ್ಲ, ಏನಾಗ್ಬಿಡತ್ತೆ ಅಂದ್ಕೊಂಡೆ. ಹಿತ್ತಲ ಮಡಿ ಚಿಕ್ಕದು, ನಿಂಗೂ ಕೊಟ್ರೆ ನಮಗೇ ಸಾಲಲ್ಲ ಅಂತಾನೂ ಅನ್ನಿಸ್ತು."

"ಅತ್ತೆ ಮೇಲೆ ಯಾಕೆ ಅನುಮಾನ ಹುಟ್ಟಿಸ್ದೆ?"

"ಸಾಯ್ತಿರೋದು ಸೊಪ್ಪಿಂದ ಅಂತ ನಂಗೆ ಆಗ್ಲೇ ಹೊಳೆದಿತ್ತು. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ." ಅತ್ತೆಯ ಕಡೆ ತಿರುಗಿ, "ನನ್ನ ಕ್ಷಮಿಸ್ಬೇಕಮ್ಮ," ಎಂದಳು.

ಅತ್ತೆ ಅವಳ ಮುಖ ನೋಡಲಿಲ್ಲ. "ಇನ್ನೂ ಒಂದೂವರೆ ಗಂಟೆ ಇದೆ" ಎಂದರು.

ಎರಡು ಗಂಟೆ ಕಳೆದಾಗ ಸೀಗಡಿಗಳು ಎಲೆಯ ನರ ಮಾತ್ರ ಉಳಿಸಿ ಜಾಡಿಯ ತಳದಲ್ಲಿ ಓಡಾಡುತ್ತಿದ್ದವು. ಅತ್ತೆ ಸೊಪ್ಪು ಸೋಸಿ ಹುಳಿ ಮಾಡಿದರು. ಗೆಳತಿಗೆ ತಾವೇ ಬಡಿಸಿದರು. ಆಮೇಲೆ ಆ ಚೀಲದ ಉಳಿದ ಸೊಪ್ಪಿನಲ್ಲಿ ತಮ್ಮ ಒಲೆಗೂ ಒಂದು ಹಿಡಿ ತೆಗೆದಿಟ್ಟುಕೊಂಡರು. ಹಾಗಾದರೆ ಅವರು ಅಷ್ಟು ದಿನ ದೂರವಿಟ್ಟದ್ದು ವಾಸನೆಯನ್ನೇ, ಜಾತಿಯನ್ನಲ್ಲ ಎಂದು ನಂಬಲು ನನಗೆ ಆಸೆಯಾಯಿತು. ಪೂರ್ತಿ ನಂಬಿದೆ ಎಂದು ಹೇಳಲಾರೆ.

ಹೊರಡುವಾಗ ಗೆಳತಿ ಕೆರೆಯ ಸೀಗಡಿ ನಾಲ್ಕು ಕೇಳಿ ಬಾಟಲಿಯಲ್ಲಿ ತೆಗೆದುಕೊಂಡು ಹೋದಳು. ಮಂಡಿಗೆ ಹೋಗುವ ಸೊಪ್ಪಿಗೂ ಒಂದು ಜಾಡಿ ಇಡುತ್ತೇನೆ, ಔಷಧಿ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕಿತ್ತರೆ ಇವು ಬದುಕುತ್ತವೆ ನೋಡುತ್ತೇನೆ ಎಂದಳು. ಎರಡು ತಿಂಗಳಾದರೂ ಅವಳು ಆ ಮಾತೆತ್ತಲಿಲ್ಲ. ಒಂದು ಸಂಜೆ ಬಸ್ ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದು ಹೋದಾಗ ಏನಾಯಿತೆಂದು ಕೇಳಿದೆ.

"ಹತ್ತು ದಿನ ಬಿಟ್ಟು ಕಿತ್ತಿದ್ದು ತಿಂದು ಬದುಕಿದ್ವು ಕಣೇ. ಮಾವನಿಗೆ ತೋರಿಸ್ದೆ. ಅವರು ಜಾಡೀನ ಎತ್ಕೊಂಡು ಹೋಗಿ ಬಾವಿಗೆ ಸುರಿದ್ಬಿಟ್ರು. ನಮ್ಮ ಬೆಳೆ ಮೇಲೆ ನಮಗೇ ಅನುಮಾನ ಹುಟ್ಟಿಸೋದು ಮನೇಲಿ ಬೇಡ ಅಂದ್ರು."

"ಮತ್ತೆ?"

"ಬಾವೀಲಿ ಅವು ಮರಿ ಹಾಕಿವೆ," ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು.